ಮನೆಯ ಚಿಂತೆ ಮಕ್ಕಳ ಹೊಟ್ಟೆಯಲ್ಲಿ

ಫೆಬ್ರುವರಿ ಬಂತೆಂದರೆ ಶಿಕಾರಿಪುರ, ಸೊರಬ ಕಡೆಯ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೊಟ್ಟೆನೋವು ಶುರುವಾಗುತ್ತದೆ. ಹತ್ತನೇ ತರಗತಿಯ ಹುಡುಗನ ಮುಂದೆ ಬೆಳಿಗ್ಗೆ ರೊಟ್ಟಿ ಇಟ್ಟರೆ ‘ಬ್ಯಾಡ’ ಎಂದು ತಟ್ಟೆ ಸರಿಸುತ್ತಾನೆ. ಪಿ.ಯು.ಸಿ. ಓದುವ ಹುಡುಗಿಗೆ ಬಸ್ಸು ಹತ್ತುವ ಹೊತ್ತಿಗೆ ಸರಿಯಾಗಿ ವಾಕರಿಕೆ. ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ ಹೊಟ್ಟೆ ಒತ್ತಿ ನೋಡಿ, ಏನೂ ತೊಂದರೆಯಿಲ್ಲವೆಂದು ಗ್ಯಾಸ್ಟ್ರಿಕ್ ಮಾತ್ರೆ ಬರೆದುಕೊಡುತ್ತಾರೆ. ನಾಲ್ಕು ದಿನ ಕಡಿಮೆಯಾಗುತ್ತದೆ, ಐದನೆಯ ದಿನ ಮತ್ತೆ ಬರುತ್ತದೆ. ‘ಓದೋಕೆ ಕಳ್ಳತನ, ಅದಕ್ಕೇ ನಾಟಕ’ ಎಂದು ಮನೆಯಲ್ಲಿ ಯಾರೋ ಒಬ್ಬರು ತೀರ್ಪು ಕೊಟ್ಟುಬಿಡುತ್ತಾರೆ.

ನಾಟಕವಲ್ಲ, ನೋವು ನಿಜವಾದದ್ದೇ. ಹೆದರಿಕೆಯಾದಾಗ ಮಿದುಳು ದೇಹಕ್ಕೆ ಅಪಾಯದ ಸುದ್ದಿ ಮುಟ್ಟಿಸುತ್ತದೆ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ರಸಗಳು ರಕ್ತಕ್ಕೆ ಬಂದು ಸೇರುತ್ತವೆ. ಎದೆ ಡವಡವ ಎನ್ನುತ್ತದೆ, ಕೈ ಬೆವರುತ್ತದೆ, ಜೀರ್ಣದ ಕೆಲಸ ಹಿಂದೆ ಬೀಳುತ್ತದೆ. ಹಾವು ಕಂಡಾಗ ಓಡಿ ಜೀವ ಉಳಿಸಿಕೊಳ್ಳಲು ಇದು ಬೇಕಾದ ಏರ್ಪಾಡು. ಆದರೆ ಹಾವು ಎರಡು ತಿಂಗಳ ಕಾಲ ಎದುರಿಗೇ ಕುಳಿತಿದ್ದರೆ? 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ ಇಲಿಗಳ ಮೇಲೆ ಪ್ರಯೋಗ ಮಾಡಿ, ತೊಂದರೆ ಯಾವುದೇ ಇರಲಿ, ಅದು ಬಹಳ ದಿನ ಮುಂದುವರಿದರೆ ದೇಹ ಒಂದೇ ರೀತಿ ಬಳಲುತ್ತದೆ, ಹೊಟ್ಟೆಯಲ್ಲಿ ಹುಣ್ಣು ಕೂಡ ಆಗುತ್ತದೆ ಎಂದು ತೋರಿಸಿದ. ಇಂದು ಎಲ್ಲರ ಬಾಯಲ್ಲೂ ಇರುವ ‘ಸ್ಟ್ರೆಸ್’ ಎಂಬ ಮಾತು ವೈದ್ಯಶಾಸ್ತ್ರದಲ್ಲಿ ಬೇರೂರಿದ್ದು ಅವನಿಂದ. ನಮ್ಮ ಹಳ್ಳಿಗಳಲ್ಲಿ ಆ ಪದ ಬರುವ ಮೊದಲೇ ಸಂಗತಿ ಗೊತ್ತಿತ್ತು. ‘ಹೊಟ್ಟೆಯಲ್ಲಿ ಸಂಕಟ’, ‘ಮನಸ್ಸಿಗೆ ಹಚ್ಚಿಕೊಂಡಿದ್ದಾನೆ’, ‘ಒಳಗೇ ಇಟ್ಟುಕೊಂಡು ಕೊರಗುತ್ತಾಳೆ’ ಎಂಬ ಮಾತುಗಳೆಲ್ಲ ಅದನ್ನೇ ಹೇಳುತ್ತವೆ.

ಪರೀಕ್ಷೆಯೆಂದರೆ ಸ್ವಲ್ಪ ಭಯ ಇರಬೇಕು, ಇಲ್ಲದಿದ್ದರೆ ಪುಸ್ತಕ ಮುಟ್ಟುವವರಾರು ಎಂದು ಅಪ್ಪಂದಿರು ಕೇಳುತ್ತಾರೆ. ಅದೂ ಸುಳ್ಳಲ್ಲ. ಅಮೆರಿಕದ ಯರ್ಕ್ಸ್ ಮತ್ತು ಡಾಡ್ಸನ್ ಎಂಬ ಇಬ್ಬರು 1908ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಒಂದು ಮಟ್ಟದವರೆಗೆ ಒತ್ತಡ ಕಲಿಕೆಗೆ ಸಹಾಯ ಮಾಡುತ್ತದೆ, ಆ ಮಟ್ಟ ದಾಟಿದರೆ ಬರುವ ಪಾಠವೂ ಮರೆತುಹೋಗುತ್ತದೆ. ಕೆಲಸ ಕಠಿಣವಾದಷ್ಟೂ ಆ ಮಟ್ಟ ಬೇಗ ದಾಟುತ್ತದೆ. ಗಣಿತದ ಪತ್ರಿಕೆ ಕೈಗೆ ಬಂದೊಡನೆ ‘ಎಲ್ಲಾ ಖಾಲಿ ಆಗಿಬಿಡ್ತು’ ಎಂದು ಅತ್ತು ಬರುವ ಮಕ್ಕಳು ಸುಳ್ಳು ಹೇಳುತ್ತಿರುವುದಿಲ್ಲ.

ಆದರೆ ಇದೆಲ್ಲ ಪರೀಕ್ಷೆಯೊಂದರಿಂದಲೇ ಬಂದದ್ದೇ?

ಎರಡು ಪಂಚಾಂಗ

ಈ ಎರಡು ತಾಲ್ಲೂಕುಗಳು ಅರ್ಧ ಮಲೆನಾಡು, ಅರ್ಧ ಬಯಲು. ಶಿಕಾರಿಪುರದ ಕಡೆ ಮೆಕ್ಕೆಜೋಳ, ಭತ್ತ, ಈಚೆಗೆ ಎಲ್ಲಿ ನೋಡಿದರಲ್ಲಿ ಅಡಿಕೆ. ಸೊರಬದ ಕಡೆ ಭತ್ತ, ಅಡಿಕೆ, ಶುಂಠಿ. ಹೊಲ, ತೋಟ ನೆಚ್ಚಿದ ಮನೆಗೆ ತನ್ನದೇ ಒಂದು ಪಂಚಾಂಗವಿದೆ. ಶಾಲೆಗೆ ಮತ್ತೊಂದು. ಈ ಎರಡೂ ಕೆಟ್ಟ ಜಾಗದಲ್ಲೇ ಬಂದು ಡಿಕ್ಕಿ ಹೊಡೆಯುತ್ತವೆ.

ಮಾರ್ಚ್ ತಿಂಗಳನ್ನೇ ನೋಡಿ. ಸೊಸೈಟಿ ಸಾಲ ಕಟ್ಟಿ ಹೊಸದು ಮಾಡಿಸಿಕೊಳ್ಳುವ ಓಡಾಟ ಬಹುತೇಕ ಅದೇ ಹೊತ್ತಿಗೆ. ಬೋರ್‌ವೆಲ್ ನೀರು ಇಳಿಯುವುದು, ಅಡಿಕೆ ಸಸಿ ಒಣಗುವುದು ಆಗಲೇ. ಊರಲ್ಲಿ ಜಾತ್ರೆಯಿದ್ದರೆ ನೆಂಟರು, ಖರ್ಚು, ರಾತ್ರಿಯೆಲ್ಲ ಮೈಕು. ಪರೀಕ್ಷೆಯೂ ಆ ಹೊತ್ತಿಗೇ. ಫಲಿತಾಂಶ ಬಂದು ಕಾಲೇಜಿಗೆ ಸೇರಿಸುವ ಹೊತ್ತಿಗೆ ರೋಹಿಣಿ, ಮೃಗಶಿರ ಮಳೆ. ಬಿತ್ತನೆ ಬೀಜ, ಗೊಬ್ಬರ, ಟ್ರ್ಯಾಕ್ಟರ್ ಬಾಡಿಗೆ ಎಲ್ಲಕ್ಕೂ ದುಡ್ಡು ಬೇಕಾಗುವುದೂ ಕಾಲೇಜಿನ ಫೀಸು, ಬಸ್ ಪಾಸು, ಹಾಸ್ಟೆಲ್ಲಿಗೆ ಬೇಕಾಗುವುದೂ ಒಂದೇ ಹದಿನೈದು ದಿನದಲ್ಲಿ. ಮೆಕ್ಕೆಜೋಳದ ದುಡ್ಡು ಕೈಗೆ ಬರುವುದು ದೀಪಾವಳಿಯ ಆಚೆಗೆ. 2023ರಲ್ಲಾದಂತೆ ಮುಂಗಾರು ಕೈಕೊಟ್ಟರೆ ಅದೂ ಇಲ್ಲ. ಗೇಣಿಗೆ ಗದ್ದೆ ಹಿಡಿದು ಶುಂಠಿ ಹಾಕಿದವರ ಕಥೆಯನ್ನಂತೂ ಕೇಳುವುದೇ ಬೇಡ. ಒಂದು ವರ್ಷ ಮನೆಗೆ ಆರ್‌ಸಿಸಿ ಹಾಕಿಸುತ್ತದೆ, ಇನ್ನೊಂದು ವರ್ಷ ಅದೇ ಮನೆಯನ್ನು ಅಡವಿಗೆ ಇಡಿಸುತ್ತದೆ.

ಇದೆಲ್ಲ ದೊಡ್ಡವರ ಚಿಂತೆ, ಮಕ್ಕಳಿಗೆ ಏನು ಗೊತ್ತಾಗುತ್ತದೆ ಎಂಬುದು ದೊಡ್ಡವರ ನಂಬಿಕೆ. ಮಕ್ಕಳಿಗೆ ಎಲ್ಲವೂ ಗೊತ್ತಾಗುತ್ತದೆ, ಅರ್ಧಂಬರ್ಧ ಗೊತ್ತಾಗುತ್ತದೆ. ತೊಂದರೆ ಇರುವುದೇ ಆ ಅರ್ಧದಲ್ಲಿ.

ಶಿರಾಳಕೊಪ್ಪದ ಆಚೆಗೋ ಆನವಟ್ಟಿಯ ಈಚೆಗೋ ಇರುವ ಯಾವುದಾದರೂ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಬಹುದು. ರಾತ್ರಿ ಊಟವಾದ ಮೇಲೆ ಅಪ್ಪ ಜಗಲಿಯಲ್ಲಿ ಫೋನಿನಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಾನೆ. ‘ಇನ್ನೊಂದು ತಿಂಗಳು ತಡೀರಿ’ ಎಂಬಷ್ಟು ಮಾತ್ರ ಒಳಗೆ ಓದುತ್ತಿರುವ ಮಗಳಿಗೆ ಕೇಳುತ್ತದೆ. ಅವ್ವ ಸಂಘದ ವಾರದ ಕಂತಿಗೆ ಪಕ್ಕದ ಮನೆಯಲ್ಲಿ ಕೈಗಡ ಕೇಳಿ ಬಂದದ್ದು ತಮ್ಮನ ಬಾಯಿಂದ ಗೊತ್ತಾಗುತ್ತದೆ. ‘ಏನಾಗೈತೆ?’ ಎಂದು ಕೇಳಿದರೆ ‘ನಿನಗ್ಯಾಕ ಅದೆಲ್ಲ? ಓದ್ಕೋ ಹೋಗು’ ಎಂಬ ಉತ್ತರ. ಹುಡುಗಿ ಓದಲು ಕೂರುತ್ತಾಳೆ. ಸಾಲ ಎಷ್ಟು, ಯಾರದು, ಹೊಲ ಹೋಗುತ್ತದೆಯೋ ಉಳಿಯುತ್ತದೆಯೋ ತಿಳಿಯದು. ತಿಳಿಯದ್ದನ್ನು ಮನಸ್ಸು ತಾನೇ ತುಂಬಿಕೊಳ್ಳುತ್ತದೆ, ಮತ್ತು ಯಾವಾಗಲೂ ಕೆಟ್ಟದ್ದರಿಂದಲೇ ತುಂಬಿಕೊಳ್ಳುತ್ತದೆ. ‘ನನ್ನ ಫೀಸಿನಿಂದಲೇ ಇದೆಲ್ಲ ಆಯಿತು’, ‘ನಾನು ಫೇಲಾದರೆ ಅಪ್ಪ ಉಳಿಯುವುದಿಲ್ಲ’ ಎಂಬ ತನಕ ಹೋಗುತ್ತದೆ. ಒಂದು ಪರೀಕ್ಷೆಯ ಮೇಲೆ ಇಡೀ ಮನೆಯ ಭಾರ ಕುಳಿತುಕೊಳ್ಳುವುದು ಹೀಗೆ.

ಹೇಳುವುದು ಹೇಗೆ?

ಹಾಗಾದರೆ ಮಕ್ಕಳ ಮುಂದೆ ಸಾಲದ ವಿಷಯ ಹೇಳಿಬಿಡಬೇಕೇ? ಹೇಳಬೇಕು. ಆದರೆ ಹೇಳುವುದಕ್ಕೂ ಹರಿಯಬಿಡುವುದಕ್ಕೂ ಅಂತರವಿದೆ. ಕುಡಿದು ಬಂದ ಅಪ್ಪ ನಡುರಾತ್ರಿ ‘ನಿಮ್ಮನ್ನೆಲ್ಲ ಸಾಕಿ ನಾನು ಹಾಳಾದೆ’ ಎಂದು ಕೂಗಾಡುವುದು ಹೇಳಿದಂತಲ್ಲ. ‘ನೀನು ರ‍್ಯಾಂಕ್ ಬಂದರೆ ನಮ್ಮ ಕಷ್ಟ ತೀರುತ್ತದೆ ಮಗನೇ’ ಎಂದು ಕಣ್ಣೀರು ಹಾಕುವುದಂತೂ ಇನ್ನೂ ಕೆಟ್ಟದ್ದು. ಅದು ಲೆಕ್ಕ ಒಪ್ಪಿಸಿದಂತಲ್ಲ, ಸಾಲವನ್ನು ಮಗನ ಹೆಸರಿಗೆ ವರ್ಗಾಯಿಸಿದಂತೆ.

ಹೇಳುವುದೆಂದರೆ ಮೂರೋ ನಾಲ್ಕೋ ವಾಕ್ಯ. ‘ಸೊಸೈಟಿಯಲ್ಲಿ ಇಷ್ಟು ಸಾಲ ಐತೆ. ಈ ವರ್ಷ ಮಳೆ ಸರಿ ಬರಲಿಲ್ಲ, ಅದಕ್ಕೆ ಕಷ್ಟ ಆಗೈತೆ. ಅದನ್ನ ತೀರಿಸೋದು ನನ್ನ ಮತ್ತು ನಿಮ್ಮವ್ವನ ಕೆಲಸ, ನಿಂದಲ್ಲ. ನಿನ್ನ ಫೀಸಿಗೆ ಇಷ್ಟು ಎತ್ತಿಟ್ಟೀವಿ. ಅದಕ್ಕಿಂತ ಜಾಸ್ತಿ ಆಗೋ ಕಾಲೇಜು ಈ ವರ್ಷ ಆಗಲ್ಲ.’ ಇಷ್ಟು ಹೇಳಿದರೆ ಹುಡುಗಿಯ ಮನಸ್ಸಿನಲ್ಲಿದ್ದ ಗುಡ್ಡಕ್ಕೆ ಒಂದು ಅಳತೆ ಸಿಗುತ್ತದೆ. ಕೊನೆಯ ವಾಕ್ಯ ಕೇಳಿ ಅವಳು ಒಂದು ದಿನ ಮುಖ ಊದಿಸಿಕೊಳ್ಳಬಹುದು. ದಾವಣಗೆರೆಯಲ್ಲೋ ಮೂಡುಬಿದಿರೆಯಲ್ಲೋ ಓದಬೇಕೆಂದು ಗೆಳತಿಯರೊಡನೆ ಮಾತಾಡಿಕೊಂಡಿದ್ದಿರಬಹುದು. ಒಂದು ದಿನದ ಆ ಸಿಟ್ಟು ಮೂರು ತಿಂಗಳ ಹೊಟ್ಟೆನೋವಿಗಿಂತ ಎಷ್ಟೋ ವಾಸಿ.

ಅಳತೆ ಸಿಕ್ಕರೆ ಭಯ ಹೇಗೆ ಬದಲಾಗುತ್ತದೆಂಬುದಕ್ಕೆ ಸೊರಬ ತಾಲ್ಲೂಕಿನಲ್ಲೇ ಒಂದು ಉದಾಹರಣೆಯಿದೆ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಹಿಂದೆಯೇ ಜನರಿಗೂ ಜ್ವರ. ಕಾರಣ ತಿಳಿಯದೆ ಹಳ್ಳಿಗಳು ನಡುಗಿದವು. ವಿಜ್ಞಾನಿಗಳು ಬಂದು, ಇದೊಂದು ವೈರಸ್, ಹರಡುವುದು ಕಾಡಿನ ಉಣ್ಣೆಯಿಂದ ಎಂದು ಕಂಡುಹಿಡಿದರು. ಆ ಊರಿನ ಹೆಸರೇ ಕಾಯಿಲೆಗೂ ಬಂತು. ಮಂಗನ ಕಾಯಿಲೆ ಇಂದಿಗೂ ಹೋಗಿಲ್ಲ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗವನ್ನು ಅದು ಬಹಳವಾಗಿ ಕಾಡಿತು. ಆದರೆ ಈಗ ಮಂಗ ಸತ್ತರೆ ಯಾರಿಗೆ ತಿಳಿಸಬೇಕು, ಯಾವ ತಿಂಗಳಲ್ಲಿ ಸೊಪ್ಪಿಗೆ ಕಾಡಿಗೆ ಹೋಗಬಾರದು, ಹೋದರೆ ಮೈಗೆ ಏನು ಹಚ್ಚಿಕೊಳ್ಳಬೇಕು ಎಂಬುದು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಕಾಯಿಲೆ ಅದೇ, ಭಯ ಮಾತ್ರ ಅದೇ ಅಲ್ಲ. ಮನೆಯ ಸಾಲಕ್ಕೂ ಈ ಮಾತು ಸಲ್ಲುತ್ತದೆ.

ಮಕ್ಕಳೂ ತಮ್ಮ ಲೆಕ್ಕ ಒಪ್ಪಿಸಬೇಕಷ್ಟೆ. ಯಾವ ವಿಷಯ ಬರುವುದಿಲ್ಲ, ಯಾವ ಪಾಠ ಮುಟ್ಟಿಯೇ ಇಲ್ಲ ಎಂಬುದನ್ನು ಜನವರಿಯಲ್ಲೇ ಹೇಳಿದರೆ ಮೇಷ್ಟ್ರನ್ನು ಕೇಳಿ ದಾರಿ ಹುಡುಕಬಹುದು. ಹೇಳಿದ ಕೂಡಲೇ ಬೆನ್ನಿಗೆ ಗುದ್ದು ಬೀಳುವ ಮನೆಯಲ್ಲಿ ಯಾವ ಮಗು ಹೇಳೀತು? ಮೊದಲು ದೊಡ್ಡವರೇ ತಮ್ಮ ಲೆಕ್ಕ ಹೇಳಬೇಕೆನ್ನುವುದು ಅದಕ್ಕೇ.

ಹೆಣ್ಣುಮಕ್ಕಳ ಪಾಲಿನ ಹೆಚ್ಚಿನ ಹೊರೆ

ಹಳ್ಳಿಯಿಂದ ಶಿಕಾರಿಪುರಕ್ಕೋ ಸೊರಬಕ್ಕೋ ಕಾಲೇಜಿಗೆ ಹೋಗಿ ಬರುವ ಹುಡುಗಿಯ ದಿನವನ್ನು ಯಾರಾದರೂ ಗಂಟೆ ಲೆಕ್ಕದಲ್ಲಿ ಬರೆದು ನೋಡಬೇಕು. ಬೆಳಿಗ್ಗೆ ಕಸ, ನೀರು, ಕೊಟ್ಟಿಗೆ. ತುಂಬಿದ ಬಸ್ಸಿನಲ್ಲಿ ಬಾಗಿಲ ಬಳಿ ನಿಂತು ಪಯಣ. ಸಂಜೆ ಬಸ್ಸು ತಪ್ಪಿದರೆ ಮನೆಯಲ್ಲಿ ನೂರೆಂಟು ಪ್ರಶ್ನೆ. ಮನೆಗೆ ಬಂದರೆ ರೊಟ್ಟಿ ಬಡಿಯುವ ಕೆಲಸ. ಅಣ್ಣನೋ ತಮ್ಮನೋ ಅದೇ ಹೊತ್ತಿಗೆ ಮೊಬೈಲ್ ಹಿಡಿದು ಕಟ್ಟೆಯ ಮೇಲೆ. ಇಷ್ಟಾದ ಮೇಲೂ ‘ಈ ಸಲ ಪಾಸಾಗದಿದ್ದರೆ ಗಂಡು ನೋಡುತ್ತೇವೆ’ ಎಂಬ ಮಾತು ಊಟಕ್ಕೆ ಕೂತಾಗಲೆಲ್ಲ ಬೀಳುತ್ತದೆ. ಹುರಿದುಂಬಿಸಲೆಂದೇ ಹೇಳಿರಬಹುದು. ಅವಳಿಗೆ ಮಾತ್ರ ಅದು ಪ್ರತಿ ಪ್ರಶ್ನೆಪತ್ರಿಕೆಯ ಕೆಳಗೆ ಬರೆದಿಟ್ಟ ಶಿಕ್ಷೆಯಂತೆ ಕಾಣುತ್ತದೆ. ಪರೀಕ್ಷೆಯ ಎರಡು ತಿಂಗಳಾದರೂ ಕೊಟ್ಟಿಗೆಯ ಕೆಲಸ ಹುಡುಗನ ಪಾಲಿಗೆ ಬಂದರೆ ಆಕಾಶವೇನೂ ಕೆಳಗೆ ಬೀಳುವುದಿಲ್ಲ.

ನಿದ್ದೆಯ ಬಗ್ಗೆಯೂ ಒಂದು ಮಾತು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಓದಿದ್ದು ತಲೆಗೆ ಹತ್ತುತ್ತದೆ ಎಂಬುದು ಅಜ್ಜನ ಕಾಲದ ಮಾತು. ಅಜ್ಜ ರಾತ್ರಿ ಎಂಟಕ್ಕೆ ದೀಪ ಆರಿಸಿ ಮಲಗುತ್ತಿದ್ದ ಎಂಬುದನ್ನು ಮಾತ್ರ ಯಾರೂ ಸೇರಿಸುವುದಿಲ್ಲ. ಹದಿಮೂರರಿಂದ ಹದಿನೆಂಟು ವಯಸ್ಸಿನವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ಅಮೆರಿಕದ ನಿದ್ರಾತಜ್ಞರ ಸಂಸ್ಥೆ 2016ರಲ್ಲಿ ಹೇಳಿದೆ. ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲೇ. ಹನ್ನೊಂದೂವರೆಗೆ ಮಲಗಿ ನಾಲ್ಕಕ್ಕೆ ಏಳುವ ಹುಡುಗ ಬಿತ್ತಿದ್ದನ್ನು ತಾನೇ ಕೆದರಿ ಹಾಕಿದಂತೆ. ನಾಲ್ಕಕ್ಕೆ ಏಳಿಸುವ ಮನೆಯಲ್ಲಿ ಎಂಟಕ್ಕೆ ಮೊದಲೇ ಟಿ.ವಿ. ನಿಲ್ಲಬೇಕು, ಮೊಬೈಲ್ ಅಡುಗೆಮನೆಯ ಗೂಡಿಗೆ ಸೇರಬೇಕು. ಅಪ್ಪನ ಮೊಬೈಲೂ ಅದರಲ್ಲಿ ಸೇರಿದೆ.

ಹುಚ್ಚರಾಯನ ಊರಿನಲ್ಲಿ

ಶಿಕಾರಿಪುರದ ಊರದೇವರು ಆಂಜನೇಯ. ಅವನ ಹೆಸರು ಹುಚ್ಚರಾಯಸ್ವಾಮಿ. ಭ್ರಾಂತೇಶನೆಂದೂ ಕರೆಯುತ್ತಾರೆ. ಕದರಮಂಡಲಗಿಯ ಕಾಂತೇಶ, ಸಾತೇನಹಳ್ಳಿಯ ಶಾಂತೇಶ, ಶಿಕಾರಿಪುರದ ಭ್ರಾಂತೇಶ, ಈ ಮೂವರ ದರ್ಶನವನ್ನು ಒಂದೇ ದಿನದಲ್ಲಿ ಮಾಡಿದರೆ ದೊಡ್ಡ ಪುಣ್ಯವೆಂದು ಜನರ ನಂಬಿಕೆ. ಊರಿನ ಕೆರೆಗೂ ಹುಚ್ಚರಾಯನದೇ ಹೆಸರು, ಹಿರಿಯರಲ್ಲಿ ಹುಚ್ಚರಾಯಪ್ಪಗಳು ಎಷ್ಟೋ ಜನ. ‘ಹುಚ್ಚು’, ‘ಭ್ರಾಂತಿ’ ಎಂಬ ಮಾತುಗಳನ್ನು ಇಷ್ಟು ಭಕ್ತಿಯಿಂದ ನಾಲಗೆಯ ಮೇಲೆ ಇಟ್ಟುಕೊಂಡ ಊರು ಮತ್ತೊಂದಿರಲಾರದು. ಆದರೂ ಮನೋವೈದ್ಯರ ಹತ್ತಿರ ಹೋಗೋಣ ಎಂದರೆ ಇಲ್ಲಿಯೂ ಬರುವ ಉತ್ತರ ಬೇರೆ ಊರಿನಂತೆಯೇ: ‘ನನ್ನ ಮಗಳಿಗೇನು ಹುಚ್ಚೇ?’

ಚಂದ್ರಗುತ್ತಿಯ ರೇಣುಕಾಂಬೆಗೆ ಹರಕೆ ಹೊರುವುದು, ಹುಚ್ಚರಾಯನಿಗೆ ಶನಿವಾರ ನಡೆದುಕೊಳ್ಳುವುದು ಮನಸ್ಸಿಗೆ ಧೈರ್ಯ ಕೊಡುತ್ತದೆ. ನಾಲ್ಕು ಜನರ ಜೊತೆ ಬೆಟ್ಟ ಹತ್ತಿ ಬಂದರೆ ಹಗುರವೂ ಆಗುತ್ತದೆ. ಅದನ್ನು ಬಿಡಬೇಕೆಂದು ಯಾವ ಡಾಕ್ಟರೂ ಹೇಳುವುದಿಲ್ಲ. ಹರಕೆಯ ಜೊತೆಗೆ ಆಸ್ಪತ್ರೆಗೂ ಹೋಗಬೇಕಾದ ಸಮಯ ಯಾವುದೆಂದು ತಿಳಿದಿರಬೇಕು, ಅಷ್ಟೆ.

ಪರೀಕ್ಷೆ ಮುಗಿದ ವಾರದಲ್ಲಿ ಹೊಟ್ಟೆನೋವು ತಾನಾಗಿ ಹೋದರೆ ಚಿಂತೆಯಿಲ್ಲ. ಆದರೆ ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ಇಷ್ಟಪಡುತ್ತಿದ್ದ ಕ್ರಿಕೆಟ್ಟೂ ಗೆಳತಿಯರೂ ಬೇಡವಾದರೆ, ನಿದ್ದೆ ಊಟ ಎರಡೂ ಕೆಟ್ಟರೆ, ಸ್ನಾನಕ್ಕೂ ಏಳದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಅದು ಸೋಮಾರಿತನವಲ್ಲ, ಖಿನ್ನತೆಯಿರಬಹುದು. ಅದಕ್ಕೆ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ 13ರಿಂದ 17 ವಯಸ್ಸಿನವರಲ್ಲಿ ನೂರಕ್ಕೆ ಏಳು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದ್ದುದು ಕಂಡುಬಂತು. ನಲವತ್ತು ಮಕ್ಕಳ ತರಗತಿಯಲ್ಲಿ ಸರಾಸರಿ ಮೂವರು ಎಂದಾಯಿತು. ಅವರೆಲ್ಲ ಕೊನೆಯ ಬೆಂಚಿನವರೇ ಆಗಿರಬೇಕೆಂದಿಲ್ಲ.

ಸಾಯುವ ಮಾತು ಬಂದಾಗ ‘ಹಾಗೆಲ್ಲ ಅನ್ನಬಾರದು’ ಎಂದು ಬಾಯಿ ಮುಚ್ಚಿಸುವುದು ತಪ್ಪು. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆಂಬ ಭಯ ಬೇಡ. ಪಕ್ಕದಲ್ಲಿ ಕೂತು, ‘ಜೀವ ಕಳ್ಕೊಳ್ಳೋ ಯೋಚನೆ ಬಂದೈತೇನವ್ವ?’ ಎಂದು ಮೆಲ್ಲಗೆ ಕೇಳಿ, ಹೇಳಿದ್ದನ್ನು ಸಿಟ್ಟಾಗದೆ ಕೇಳಿಸಿಕೊಂಡು, ಒಬ್ಬರೇ ಇರಲು ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ರೈತರ ಮನೆಗಳಲ್ಲಿ ಇನ್ನೂ ಒಂದು ಕೆಲಸವಿದೆ. ಹೊಲದ ಔಷಧಿಯ ಡಬ್ಬಿಗಳು ಬಚ್ಚಲಿನ ಗೂಡಿನಲ್ಲೋ ಮಂಚದ ಕೆಳಗೋ ಇರಕೂಡದು. ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಬೀಗದ ಕೈ ದೊಡ್ಡವರ ಹತ್ತಿರ ಇರಬೇಕು. ದುಡುಕಿನ ಗಳಿಗೆ ಬಹಳ ಸಲ ಬಂದಷ್ಟೇ ಬೇಗ ದಾಟಿಹೋಗುತ್ತದೆ, ಆ ಗಳಿಗೆಯಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾದಲ್ಲಿ 1990ರ ದಶಕದಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ, ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು.

ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆಗೆ ಹಿಂದೆ ಉತ್ತರ ಕಷ್ಟವಿತ್ತು. ಮನೋವೈದ್ಯರೆಂದರೆ ಶಿವಮೊಗ್ಗ, ಧಾರವಾಡ, ಬೆಂಗಳೂರು. 2016ರಲ್ಲಿ ತೀರಿಕೊಂಡ ಡಾ. ಅಶೋಕ್ ಪೈ ಅವರು ಶಿವಮೊಗ್ಗದಲ್ಲಿ ಚಿಕಿತ್ಸೆ ನೀಡುವುದರ ಜೊತೆಗೆ, ಪತ್ರಿಕೆಗಳ ಬರಹದ ಮೂಲಕವೂ ‘ಕಾಡಿನ ಬೆಂಕಿ’ಯಂಥ (1988) ಸಿನಿಮಾಗಳಲ್ಲಿ ತೊಡಗಿಕೊಂಡೂ ಮನಸ್ಸಿನ ಕಾಯಿಲೆಯ ಮಾತನ್ನು ಈ ಸೀಮೆಯ ಮನೆಮನೆಗೆ ಮುಟ್ಟಿಸಿದರು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲೇ ಈ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. 2014ರಲ್ಲಿ ರಾಜ್ಯ ಸರ್ಕಾರ ‘ಮನೋಚೈತನ್ಯ’ ಎಂಬ ಹೆಸರಿನಲ್ಲಿ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೇ ಕರೆತರುವ ಏರ್ಪಾಡು ಮಾಡಿತು. ತಮ್ಮ ಆಸ್ಪತ್ರೆಗೆ ಯಾವ ವಾರ ಬರುತ್ತಾರೆಂದು ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯನ್ನೋ ಮೊದಲೇ ಕೇಳಿಕೊಂಡು ಹೋದರೆ ಒಂದು ದಿನದ ಕೂಲಿ ಉಳಿಯುತ್ತದೆ. ಬಸ್ಸು ಹತ್ತುವುದೂ ಆಗದವರಿಗೆ ಫೋನಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಅಮ್ಮ ತಮ್ಮ ಸಂಕಟಕ್ಕಾಗಿಯೂ ಮಾಡಬಹುದು.

ಇನ್ನು ಫಲಿತಾಂಶದ ದಿನ. ಅಂದು ಬೆಳಿಗ್ಗೆ ಮನೆಯಲ್ಲಿ ಯಾರಾದರೊಬ್ಬ ದೊಡ್ಡವರು ಇರಬೇಕು. ತೋಟಕ್ಕೆ ಮಧ್ಯಾಹ್ನ ಹೋದರಾಯಿತು. ಮಗುವನ್ನು ಸೈಬರ್ ಅಂಗಡಿಗೋ ಮೊಬೈಲ್ ಹಿಡಿದು ಹಿತ್ತಲಿಗೋ ಒಂಟಿಯಾಗಿ ಕಳಿಸಬಾರದು. ಅಂಕ ಎಷ್ಟೇ ಬರಲಿ, ನೆಂಟರ ಫೋನನ್ನು ಅಪ್ಪನೇ ಎತ್ತಿ ಮಾತಾಡಬೇಕು, ಮಗುವಿನ ಕೈಗೆ ಕೊಡಬಾರದು. ಒಂದು ವಿಷಯ ಹೋಗಿದ್ದರೆ ವರ್ಷವೇ ಹೋಯಿತು ಎನ್ನುವ ಕಾಲ ಈಗಿಲ್ಲ. 2024ರಿಂದ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಸುವ ಪದ್ಧತಿ ಬಂದಿದೆ. ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ಆಯಾ ವರ್ಷದ ದಿನಾಂಕ, ಶುಲ್ಕ, ಅರ್ಜಿಯ ಕೊನೆಯ ದಿನವನ್ನು ಫಲಿತಾಂಶಕ್ಕೆ ಮುಂಚೆಯೇ ಶಾಲೆಯಲ್ಲಿ ಕೇಳಿ, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ ಬರೆದಿಡಬಹುದು. ಆ ಮನೆಯ ಹುಡುಗನಿಗೆ ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗುವುದಿಲ್ಲ.